ಎಪ್ಪತ್ತು ವರ್ಷದ ಟ್ರ್ಯಾಕ್ಟರಿಗೆ ಕಿಡಿ ಹೊಂದಿಸುವ ಕೆಲಸ

ಚೆನ್ನೈನಲ್ಲಿರುವ ನಮ್ಮಂಥವರಿಗೆ ವಾರಾಂತ್ಯವೆಂದರೆ ಒಂದೋ ಮಹಾಬಲಿಪುರದ ರಸ್ತೆ, ಇಲ್ಲವೇ ಬೆಂಗಳೂರಿನ ರೈಲು. ಈ ಸಲ ಮಾತ್ರ ನನ್ನ ನಾಲ್ಕು ಭಾನುವಾರಗಳು ಚೆಂಗಲ್ಪಟ್ಟು ಕಡೆಯ ಒಂದು ತೋಟದ ಶೆಡ್ಡಿನಲ್ಲಿ ಕಳೆದವು. ಅಲ್ಲಿ ನಿಂತಿದ್ದದ್ದು ಬೂದು ಬಣ್ಣದ ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರ್. ನನ್ನ ಸಹೋದ್ಯೋಗಿಯ ತಾತ ಕೊಂಡದ್ದು. ಹನ್ನೆರಡು ವರ್ಷದಿಂದ ಉಸಿರೆತ್ತಿರಲಿಲ್ಲ. ಮನೆಯವರು ಗುಜರಿಯವನಿಗೆ ಮಾತು ಕೊಡುವುದರಲ್ಲಿದ್ದರು. "ಆಯುಧ ಪೂಜೆಯೊಳಗೆ ಶುರುವಾದರೆ ಇರಲಿ, ಇಲ್ಲವಾದರೆ ತೂಕಕ್ಕೆ ಹಾಕಿಬಿಡೋಣ" ಎಂಬಲ್ಲಿಗೆ ಮಾತು ನಿಂತಿತ್ತು.

ಈ ಟ್ರ್ಯಾಕ್ಟರಿನ ಹಿನ್ನೆಲೆ ಸಣ್ಣದಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ನೇಗಿಲನ್ನು ಮೂರು ಕಡೆ ಹಿಡಿದು ಹೈಡ್ರಾಲಿಕ್‌ನಿಂದ ಎತ್ತಿಳಿಸುವ ವ್ಯವಸ್ಥೆ ಹ್ಯಾರಿ ಫರ್ಗ್ಯುಸನ್ ಅವರದು. ಇವತ್ತು ನಮ್ಮೂರಿನ ಯಾವ ಟ್ರ್ಯಾಕ್ಟರಿನ ಹಿಂಭಾಗ ನೋಡಿದರೂ ಅದೇ ಕಾಣುತ್ತದೆ. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದೂ ಇದೇ ಟ್ರ್ಯಾಕ್ಟರಿಗೆ ಸರಪಳಿ ಪಟ್ಟಿ ತೊಡಿಸಿಕೊಂಡು. ಫರ್ಗ್ಯುಸನ್ ಕಂಪನಿ 1953ರಲ್ಲಿ ಮ್ಯಾಸಿ ಹ್ಯಾರಿಸ್ ಜತೆ ಸೇರಿತು. ಅದರಿಂದ ಬಂದ ಮ್ಯಾಸಿ ಫರ್ಗ್ಯುಸನ್ ಹೆಸರಿನ ಟ್ರ್ಯಾಕ್ಟರುಗಳನ್ನು ಇದೇ ಚೆನ್ನೈನಲ್ಲಿ 1960ರಲ್ಲಿ ಹುಟ್ಟಿದ ಟಾಫೆ ತಯಾರಿಸುತ್ತಾ ಬಂದಿದೆ.

"ಟ್ರ್ಯಾಕ್ಟರಿಗೆ ಎಲ್ಲಿಯ ಪ್ಲಗ್?" ಎಂದು ಊರಿಗೆ ಫೋನ್ ಮಾಡಿದಾಗ ಅಪ್ಪ ನಕ್ಕರು. ನಮ್ಮ ಹೊಲಗಳಲ್ಲಿ ಕಾಣುವುದೆಲ್ಲ ಡೀಸೆಲ್. ಡೀಸೆಲ್ ಎಂಜಿನ್‌ನಲ್ಲಿ ಗಾಳಿ ಒತ್ತಡಕ್ಕೇ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಆದರೆ ಟಿಇ20ರ ಮೊದಲ ಮಾದರಿಗಳು ಪೆಟ್ರೋಲಿನವು. ಕೆಲವು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆ ಬಗೆಯ ಇಂಧನಕ್ಕೆ ಬದಲಾಗುವಂಥವು. ಡೀಸೆಲ್ ಮಾದರಿ ಬಂದದ್ದು 1951ರಲ್ಲಿ. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕನ್ನೋ ಹಳೆಯ ಅಂಬಾಸಿಡರನ್ನೋ ಇಟ್ಟುಕೊಂಡಿದ್ದವರಿಗೆ "ಪಾಯಿಂಟ್ ಸೆಟ್ ಮಾಡಿಸಬೇಕು" ಎಂಬ ಮಾತು ನೆನಪಿರಬಹುದು. ಇದೂ ಅದೇ ಕೆಲಸ.

ಕೆಲಸ ಗೊತ್ತಿದ್ದವರು ಒಬ್ಬರೇ, ಎಪ್ಪತ್ತು ದಾಟಿದ ಹಳೆಯ ಕಾರ್ ಮೆಕ್ಯಾನಿಕ್. ನಾನು ಅವರನ್ನು "ಅಯ್ಯಾ" ಎನ್ನುತ್ತಿದ್ದೆ, ಅವರು ನನ್ನನ್ನು "ತಂಬಿ" ಎನ್ನುತ್ತಿದ್ದರು. ಕಾರ್ಬ್ಯುರೇಟರ್ ತೊಳೆದು, ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿಯಾಗಿತ್ತು. ಎಂಜಿನ್ ಕೈಯಲ್ಲಿ ತಿರುಗುತ್ತಿತ್ತು. ಕೊರತೆಯಿದ್ದದ್ದು ಕಿಡಿಯದು.

ಕಿಡಿ ಹುಟ್ಟುವ ಬಗೆ ಸರಳ. ಬ್ಯಾಟರಿಯ ಕರೆಂಟ್ ಕಾಯಿಲ್ ಮೂಲಕ ಹಾಯ್ದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಎಂಬ ಪುಟ್ಟ ಸ್ವಿಚ್ಚಿಗೆ ಬರುತ್ತದೆ. ನಾಲ್ಕು ಮೂಲೆಯ ಕ್ಯಾಮ್ ತಿರುಗಿ ಪಾಯಿಂಟನ್ನು ಬಿಡಿಸಿದ ಕ್ಷಣ ಕರೆಂಟ್ ತುಂಡಾಗುತ್ತದೆ. ಆ ಪೆಟ್ಟಿಗೆ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಪಕ್ಕದ ಕಂಡೆನ್ಸರ್ ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಸೆಕೆಂಡಿಗೆ 50 ಕಿಡಿ ಬೇಕು. ಆ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಸಮಯ ಸೆಕೆಂಡಿನ 9000ದಲ್ಲಿ ಒಂದು ಭಾಗ. ಇದನ್ನು ಸ್ಕ್ರೂಡ್ರೈವರ್ ಮತ್ತು ಫೀಲರ್ ಗೇಜಿನಿಂದ ಹೊಂದಿಸಬೇಕು.

ಮೊದಲ ಭಾನುವಾರ ಪಾಯಿಂಟಿನ ಮೇಲೆ ಕೂತಿದ್ದ ಬಿಳಿ ಪೊರೆ ಉಜ್ಜಿ ತೆಗೆದರು, ಕಂಡೆನ್ಸರ್ ಬದಲಿಸಿದರು. ಕಿಡಿ ಬಂತು, ಆದರೆ ಒಂದು ಸಲ ನೀಲಿ, ಇನ್ನೊಂದು ಸಲ ಇಲ್ಲವೇ ಇಲ್ಲ. ಅಯ್ಯಾ ಡಿಸ್ಟ್ರಿಬ್ಯೂಟರಿನ ದಂಡವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, "ಬುಷ್ ಸವೆದಿದೆ ತಂಬಿ" ಎಂದರು. ದಂಡ ಅತ್ತಿತ್ತ ವಾಲಿದರೆ ಕ್ಯಾಮಿನ ನಾಲ್ಕು ಮೂಲೆಗೆ ನಾಲ್ಕು ಬಗೆಯ ಸಂದು. ಎಷ್ಟು ಸಲ ಹೊಂದಿಸಿದರೂ ನಿಲ್ಲುವುದಿಲ್ಲ. ಅಂಬತ್ತೂರಿನ ಒಂದು ಲೇತ್ ಅಂಗಡಿಯಲ್ಲಿ ಕಂಚಿನ ಬುಷ್ ಕಡೆಸಿ ತರುವಷ್ಟರಲ್ಲಿ ಇನ್ನೆರಡು ಭಾನುವಾರ ಹೋದವು. ಪೂಜೆಗೆ ಉಳಿದದ್ದು ಐದು ದಿನ.

ಆಮೇಲಿನದು ಕ್ರಮದ ಕೆಲಸ. ಮೊದಲು ಸಂದು, ನಂತರ ಟೈಮಿಂಗ್. ಸಂದು ಹಿಗ್ಗಿಸಿದರೆ ಪಾಯಿಂಟ್ ಬೇಗ ಬಿಡಿಸಿಕೊಂಡು ಕಿಡಿಯೂ ಬೇಗ ಹಾರುತ್ತದೆ. ಆದ್ದರಿಂದ ಟೈಮಿಂಗ್ ಹೊಂದಿಸಿದ ಮೇಲೆ ಸಂದು ಮುಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಸಂದು ಆಯಾ ಮಾದರಿಯ ಕೈಪಿಡಿ ಹೇಳಿದಷ್ಟು, ಮಿಲಿಮೀಟರಿನ ಮೂರ್ನಾಲ್ಕು ಹತ್ತಂಶ. ಬಳಿಕ ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ ತೂತಿನ ಮೇಲೆ ಬೆರಳಿಟ್ಟು, ಹ್ಯಾಂಡಲ್ಲಿನಿಂದ ನಿಧಾನವಾಗಿ ತಿರುಗಿಸಿದರು. ಗಾಳಿ ಬೆರಳನ್ನು ದೂಡಿತೆಂದರೆ ಪಿಸ್ಟನ್ ಒತ್ತುತ್ತಾ ಮೇಲೇರುತ್ತಿದೆ ಎಂದರ್ಥ. ಫ್ಲೈವೀಲಿನ ಗುರುತು ಎದುರಿಗೆ ಬಂದಾಗ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ತಂತಿಗೂ ಬಾಡಿಗೂ ನಡುವೆ ಒಂದು ಸಣ್ಣ ಬಲ್ಬ್ ಕಟ್ಟಿದರು. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ಬಿಡಿಸಿಕೊಂಡರೆ ಹೊತ್ತುತ್ತದೆ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಬಲ್ಬ್ ಹೊತ್ತಿದ ಜಾಗದಲ್ಲೇ ಬಿಗಿ ಮಾಡಿದರು. ತಂತಿಗಳನ್ನು 1-3-4-2 ಕ್ರಮದಲ್ಲಿ ಸಿಕ್ಕಿಸಿದ್ದು ನಾನು.

ಟಿಇ20ರಲ್ಲಿ ಸ್ಟಾರ್ಟರ್ ಇರುವುದು ಗೇರ್ ಲಿವರಿನಲ್ಲೇ; ಲಿವರನ್ನು 'ಎಸ್' ಗುರುತಿಗೆ ತಳ್ಳಬೇಕು. ಗೇರಿನಲ್ಲಿರುವಾಗ ಸ್ಟಾರ್ಟ್ ಆಗಿ ನೆಗೆಯುವ ಭಯವಿಲ್ಲ. ಮೂರನೇ ಸಲಕ್ಕೆ ಎಂಜಿನ್ ಕೆಮ್ಮಿ ಹಿಡಿಯಿತು. ಸಹೋದ್ಯೋಗಿಯ ಅಜ್ಜಿ ಅಡುಗೆಮನೆಯಿಂದ ಹೊರಬಂದು, ಏನೂ ಹೇಳದೆ ಬಾಗಿಲಲ್ಲೇ ನಿಂತರು. ಅಯ್ಯಾ ಮಾತ್ರ ಕಿವಿಗೊಟ್ಟು ಕೇಳುತ್ತಾ ಇನ್ನೊಂದಿಷ್ಟು ತಿರುಗಿಸಿದರು. ಕಿಡಿ ತೀರಾ ಬೇಗವಾದರೆ ಎಂಜಿನ್ ಬಡಿಯುತ್ತದೆ, ತಡವಾದರೆ ಶಕ್ತಿ ಕುಗ್ಗಿ ಕಾದು ಕೆಂಡವಾಗುತ್ತದೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಬಾರದೇ ಎಂದು ಗೆಳೆಯರು ಕೇಳಿದರು. ಹಾಕಬಹುದು, ಪದೇ ಪದೇ ಹೊಂದಿಸುವ ತಾಪತ್ರಯ ತಪ್ಪುತ್ತದೆ. ಆದರೆ ಈ ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಕಿಟ್ ಅದಕ್ಕೆ ಒಪ್ಪುವಂಥದ್ದೇ ಆಗಿರಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಕಿಟ್ ಸುಟ್ಟರೆ ಹೊಸತು ತರಬೇಕು, ಪಾಯಿಂಟನ್ನು ಹೊಲದ ಬದುವಿನಲ್ಲೇ ಕೂತು ಸರಿಮಾಡಬಹುದು. ಈಗ ಸಹೋದ್ಯೋಗಿಯ ತಮ್ಮ ಅಯ್ಯಾ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾನೆ. ಗುಜರಿಯವನಿಗೆ ಬೇರೆ ಕಬ್ಬಿಣ ಸಿಕ್ಕಿದೆ.

ನಿಮ್ಮ ಊರಿನ ಕೊಟ್ಟಿಗೆಯಲ್ಲೂ ಹಳೆಯ ಎಂಜಿನ್ ಒಂದು ಮಲಗಿರಬಹುದು. ಎಬ್ಬಿಸುವ ಮನಸ್ಸಾದರೆ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಹಳೆಯ ಪೆಟ್ರೋಲ್ ಹೊರಗೆ ಸುರಿದು ಕೆಲಸಕ್ಕೆ ಕೈ ಹಾಕಿ. ಹ್ಯಾಂಡಲ್ ತಿರುಗಿಸುವಾಗ ಹೆಬ್ಬೆರಳು ಹಿಡಿಕೆಯನ್ನು ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕಿಡಿ ಬೇಗ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುತ್ತದೆ. ಮುಖ್ಯವಾಗಿ, ಅದನ್ನು ಬಲ್ಲ ಹಿರಿಯ ಮೆಕ್ಯಾನಿಕ್ ಊರಲ್ಲಿ ಇನ್ನೂ ಇದ್ದಾರೆಯೇ ವಿಚಾರಿಸಿ. ಇದ್ದರೆ ಮುಂದಿನ ದಸರಾ ರಜೆಯವರೆಗೆ ಕಾಯಬೇಡಿ.