ಹಳಿಯ ಬದಿಯಲ್ಲಿ ಶರತ್ಕಾಲದ ಒಂದು ದಿನ

ಜಿಲ್ಲಾಕೇಂದ್ರವಾದ ಕೃಷ್ಣಗಿರಿ ಪಟ್ಟಣಕ್ಕೆ ಇಂದು ರೈಲಿಲ್ಲ. ಆದರೆ 1905ರಲ್ಲಿಯೇ ತಿರುಪತ್ತೂರಿನಿಂದ ಅಲ್ಲಿಗೆ ರೈಲು ಬಂದಿತ್ತೆಂದರೆ ನಮ್ಮ ಮಕ್ಕಳು ಬೆರಗಾಗುತ್ತಾರೆ. ಮರುವರ್ಷ ಮೊರಪ್ಪೂರಿನಿಂದ ಧರ್ಮಪುರಿಗೆ ಇನ್ನೊಂದು ಹಳಿ ಬಿತ್ತು. 1913ರಲ್ಲಿ ಅದು ಹೊಸೂರಿನವರೆಗೆ ಬೆಳೆಯಿತು. ಎರಡು ಕಂಬಿಗಳ ನಡುವಣ ಅಂತರ ಕೇವಲ ಎರಡೂವರೆ ಅಡಿ. ಆಗ ಈ ಸೀಮೆಯೆಲ್ಲ ಸೇಲಂ ಜಿಲ್ಲೆಗೆ ಸೇರಿತ್ತು. 1876–78ರ ಮಹಾಕ್ಷಾಮದ ನೆನಪು ಇನ್ನೂ ಮಾಸಿರಲಿಲ್ಲ. ಮಳೆಯನ್ನೇ ನಂಬಿದ ಒಣನಾಡಿಗೆ ಬರಗಾಲದಲ್ಲಿ ಧಾನ್ಯ ತಲುಪಬೇಕೆಂಬುದು ಈ ಪುಟ್ಟ ಹಳಿಗಳ ಹಿಂದಿದ್ದ ಉದ್ದೇಶ. 1940ರ ದಶಕದ ಆರಂಭದ ವೇಳೆಗೆ ಎರಡೂ ನಿಂತುಹೋದವು, ಕಂಬಿಗಳನ್ನೂ ಕಿತ್ತರು.

ಆ ರೈಲನ್ನು ಬಾಲ್ಯದಲ್ಲಿ ಕಂಡವರು ಈಗ ಇದ್ದರೆ ತೊಂಬತ್ತರ ಆಸುಪಾಸಿನವರು. ದಿನವೂ ಕಣ್ಣೆದುರಿಗಿರುವುದನ್ನು ಯಾರೂ ಬರೆದಿಡುವುದಿಲ್ಲ; ಮರೆಯಾದ ಮೇಲೆ ಹುಡುಕುತ್ತೇವೆ. ಈಗಿನ ಬೆಂಗಳೂರು–ಸೇಲಂ ಮಾರ್ಗಕ್ಕೂ ಈ ಮಾತು ಸಲ್ಲುತ್ತದೆ. 1960ರ ದಶಕದಲ್ಲಿ ಮೀಟರ್ ಗೇಜ್ ಆಗಿ ಬಂದ ಇದು 1990ರ ದಶಕದಲ್ಲಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಇತ್ತೀಚೆಗೆ ವಿದ್ಯುತ್ ತಂತಿಯೂ ಬಂದಿದೆ. ಬೈಯಪ್ಪನಹಳ್ಳಿ–ಹೊಸೂರು ನಡುವೆ ಜೋಡಿಹಳಿಯ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗಿದೆ. ಇಂದಿನ ನೋಟ ನಾಳೆ ಇರಲಾರದು. ಆದ್ದರಿಂದ ರಜೆಯ ಒಂದು ದಿನವನ್ನು ಮಕ್ಕಳೊಡನೆ ಹಳಿಯ ಬದಿಯಲ್ಲಿ ಕಳೆಯುವುದು ಬರಿಯ ವಿನೋದವಲ್ಲ.

ಅದಕ್ಕೆ ನವರಾತ್ರಿಯಿಂದ ದೀಪಾವಳಿಯವರೆಗಿನ ದಿನಗಳು ಪ್ರಶಸ್ತ. ಮಳೆ ಬಿಡುವು ಕೊಟ್ಟ ಬೆಳಗಿನಲ್ಲಿ ಧೂಳಡಗಿದ ಗಾಳಿ ತಿಳಿಯಾಗಿರುತ್ತದೆ. ದೂರದ ಗುಡ್ಡಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಹೊಲದಲ್ಲಿ ರಾಗಿ ತೆನೆ ಬಾಗಿರುತ್ತದೆ, ತೋಟದಲ್ಲಿ ಚೆಂಡುಹೂ ಅರಳಿರುತ್ತದೆ. ಹೊಸೂರಿನಿಂದ ಕೆಲಮಂಗಲವನ್ನು ದಾಟಿ ರಾಯಕೋಟೆಗೆ ಬಂದರೆ, 1791ರಲ್ಲಿ ಟಿಪ್ಪುವಿನ ಕೈಯಿಂದ ಇಂಗ್ಲಿಷರ ವಶವಾದ ಗಿರಿದುರ್ಗ ಊರಿನ ಮೇಲೆ ನಿಂತಿದೆ. ಹಳ್ಳಿಯ ನಿಲ್ದಾಣಗಳಲ್ಲಿ ಗದ್ದಲ ಕಡಮೆ. ಒಂದು ರೈಲಿಗೂ ಇನ್ನೊಂದಕ್ಕೂ ನಡುವೆ ದೀರ್ಘ ಮೌನ.

ಆ ಮೌನದಲ್ಲಿ ನೋಡಿ ಕಲಿಯುವುದು ಬಹಳವಿದೆ. ಒಂಟಿ ಹಳಿಯಲ್ಲಿ ಎರಡು ನಿಲ್ದಾಣಗಳ ನಡುವೆ ಎದುರುಬದುರಾಗಿ ಎರಡು ರೈಲುಗಳನ್ನು ಬಿಡುವಂತಿಲ್ಲ. ಒಂದು ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾದು ನಿಲ್ಲಬೇಕು, ಇನ್ನೊಂದು ಹಾದುಹೋಗಬೇಕು. ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. 2023ರ ಡಿಸೆಂಬರಿನಲ್ಲಿ ಆರಂಭವಾದ ಕೊಯಮತ್ತೂರು–ಬೆಂಗಳೂರು ವಂದೇ ಭಾರತ್ ರಾಯಕೋಟೆಯಲ್ಲಿ ನಿಲ್ಲದೆ ಸಾಗುತ್ತದೆ. ಗೇಟಿಗೆ ಮುನ್ನ ಹಳಿಯ ಬದಿಯ ಹಳದಿ ಫಲಕದಲ್ಲಿ ಹಿಂದಿಯ ‘ಸೀ/ಫಾ’ ಅಕ್ಷರಗಳಿರುತ್ತವೆ. ‘ಸೀಟಿ, ಫಾಟಕ್’ ಎಂದರೆ ಗೇಟು ಬರುತ್ತಿದೆ, ಸೀಟಿ ಹಾಕು ಎಂದು ಚಾಲಕನಿಗೆ ಸೂಚನೆ. ಕೊನೆಯ ಬೋಗಿಯ ಬೆನ್ನಿಗೆ ಗುಣಾಕಾರದ ದೊಡ್ಡ ಗುರುತು, ಜೊತೆಗೆ ‘ಎಲ್‌ವಿ’ ಎಂಬ ಫಲಕ. ಅದನ್ನು ಕಂಡರೆ ನಿಲ್ದಾಣದವರಿಗೆ ರೈಲು ಪೂರ್ತಿಯಾಗಿ ಬಂದಿದೆ, ಯಾವ ಬೋಗಿಯೂ ಕಳಚಿ ಹಿಂದುಳಿದಿಲ್ಲ ಎಂಬ ಖಾತರಿ.

ಚಿತ್ರ ತೆಗೆಯಲು ಮನೆಯ ಮೊಬೈಲ್ ಸಾಕು. ಹೊಸೂರು–ರಾಯಕೋಟೆ ನಡುವೆ ಹಳಿ ವಾಯವ್ಯದಿಂದ ಆಗ್ನೇಯಕ್ಕೆ ಸಾಗುತ್ತದೆ. ಹೀಗಾಗಿ ಸಾಮಾನ್ಯವಾಗಿ ಬೆಳಗ್ಗೆ ಧರ್ಮಪುರಿಯ ಕಡೆಗೆ ಹೋಗುವ ರೈಲಿನ ಮುಖಕ್ಕೂ, ಸಂಜೆ ಬೆಂಗಳೂರಿನ ಕಡೆಗೆ ಬರುವ ರೈಲಿನ ಮುಖಕ್ಕೂ ಬಿಸಿಲು ಬೀಳುತ್ತದೆ. ರೈಲೊಂದನ್ನೇ ತುಂಬಿಕೊಳ್ಳದೆ ಹೊಲ, ಗುಡ್ಡ, ಗೇಟು, ಕಾಯುತ್ತಿರುವ ಜನರನ್ನೂ ಚಿತ್ರದೊಳಗೆ ಬಿಟ್ಟುಕೊಳ್ಳಬೇಕು. ಮುಂದೆ ಬೆಲೆ ಬರುವುದು ಅವಕ್ಕೇ. ಸ್ಥಳ, ದಿನಾಂಕ, ವೇಳೆ, ರೈಲಿನ ಹೆಸರನ್ನು ಮಕ್ಕಳು ಅಲ್ಲಿಯೇ ಕನ್ನಡದಲ್ಲಿ ಬರೆದುಕೊಳ್ಳಲಿ. ಬರಹವಿಲ್ಲದ ಚಿತ್ರ ಕೆಲವೇ ವರ್ಷಗಳಲ್ಲಿ ಮೂಕವಾಗುತ್ತದೆ.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಅನುಮತಿಯಿಲ್ಲದೆ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧ. ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್ ವಿದ್ಯುತ್ತು. ಮುಟ್ಟದಿದ್ದರೂ, ಸಮೀಪಿಸಿದರೇ ಅಪಾಯ. ನಿಲ್ದಾಣದೊಳಗೆ ಹೋಗಲು ಪ್ಲಾಟ್‌ಫಾರಂ ಟಿಕೆಟ್ ಪಡೆಯಬೇಕು, ಸ್ಟೇಷನ್ ಮಾಸ್ತರರನ್ನು ಕೇಳಿಯೇ ಚಿತ್ರ ತೆಗೆಯಬೇಕು, ಅಂಚಿನ ಹಳದಿ ಗೆರೆಯಿಂದ ಹಿಂದೆಯೇ ನಿಲ್ಲಬೇಕು. ಹಿರಿಯರೊಬ್ಬರು ಜೊತೆಗಿರಲೇಬೇಕು.

ಎರಡೂವರೆ ಅಡಿಯ ರೈಲಿನ ಸಾಕ್ಷಿಗಳು ನಮ್ಮ ಕೈತಪ್ಪುತ್ತಿದ್ದಾರೆ. ಮೀಟರ್ ಗೇಜಿನಲ್ಲಿ ಸೇಲಂಗೋ ಬೆಂಗಳೂರಿಗೋ ಹೋಗಿಬಂದ ಅಜ್ಜ-ಅಜ್ಜಿಯರು ಇನ್ನೂ ಮನೆಯಲ್ಲಿದ್ದಾರೆ. ತೆಗೆದ ಚಿತ್ರಗಳನ್ನು ಸಂಜೆ ಅವರ ಮುಂದಿಟ್ಟು, ಆಗ ಟಿಕೆಟ್ಟಿಗೆ ಎಷ್ಟಾಗುತ್ತಿತ್ತು, ಎಷ್ಟು ಹೊತ್ತು ಹಿಡಿಯುತ್ತಿತ್ತು, ಬುತ್ತಿಗೆ ಏನು ಕಟ್ಟುತ್ತಿದ್ದಿರಿ ಎಂದು ಮಕ್ಕಳು ಕೇಳಲಿ. ಉತ್ತರಗಳನ್ನು ಅದೇ ನೋಟುಪುಸ್ತಕದ ಮುಂದಿನ ಹಾಳೆಯಲ್ಲಿ ಬರೆದಿಡಲಿ.