ನಾದಪರಿವರ್ತಕ ಯಂತ್ರದ ಪರೀಕ್ಷಾಕ್ರಮ

ಯಾವ ಪದಾರ್ಥವನ್ನು ವಿಚಾರಿಸುವಾಗಲೂ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಕ್ರಮಗಳನ್ನು ಅನುಸರಿಸಬೇಕೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ವಿಧಿಸಿರುವನು. ಮನೆಯಲ್ಲಿ ಸಂಗೀತವನ್ನಾಲಿಸುವವರು ಮೇಜಿನ ಮೇಲಿಟ್ಟುಕೊಳ್ಳುವ 'ಡ್ಯಾಕ್' ಎಂಬ ಯಂತ್ರಕ್ಕೂ ಈ ಕ್ರಮವು ಸಲ್ಲುವುದು. ಅದರ ಗುಣವನ್ನು ಬೆಲೆಯಿಂದಲೂ ಪರರ ಹೊಗಳಿಕೆಯಿಂದಲೂ ನಿರ್ಣಯಿಸುವ ರೂಢಿಯು ಪ್ರಬಲವಾಗಿರುವುದರಿಂದ ಈ ವಿಚಾರವು ಅವಶ್ಯಕವಾಗಿದೆ.

ಅಂಕರೂಪದಲ್ಲಿ ಶೇಖರವಾದ ನಾದವನ್ನು ವಿದ್ಯುತ್ತರಂಗವನ್ನಾಗಿ ಮಾರ್ಪಡಿಸುವ ಯಂತ್ರಕ್ಕೆ ಡ್ಯಾಕ್ ಎಂದು ಹೆಸರು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ನಾದದ ಪ್ರಮಾಣವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಂದರೆ 65,536 ಮೆಟ್ಟಿಲುಗಳಲ್ಲಿ ಒಂದಾಗಿ ಬರೆದಿರುವರು. ಎರಡು ಅಳತೆಗಳ ನಡುವಣ ನಾದವು ನಷ್ಟವಾಗುವುದಲ್ಲವೆ ಎಂಬುದು ಪೂರ್ವಪಕ್ಷ. ಅಳತೆಗಳ ಸಂಖ್ಯೆಯ ಅರ್ಧಕ್ಕಿಂತ ಕಡಮೆ ಕಂಪನಸಂಖ್ಯೆಯುಳ್ಳ ತರಂಗವು ಆ ಅಳತೆಗಳಿಂದಲೇ ಪೂರ್ಣವಾಗಿ ಲಭಿಸುವುದೆಂದು ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞನು 1949ರ ಲೇಖನದಲ್ಲಿ ತೋರಿಸಿಕೊಟ್ಟುದೇ ಇದಕ್ಕೆ ಸಮಾಧಾನ. ಮನುಷ್ಯನ ಕಿವಿಗೆ ಸುಮಾರು 20,000 ಕಂಪನಗಳೇ ಎಲ್ಲೆಯಾದುದರಿಂದ 22,050ರ ಮಿತಿಯು ಸಾಕಾಗುವುದು. ಆದಕಾರಣ, ಅಂಕಗಳಲ್ಲಿರುವುದಕ್ಕೆ ಏನನ್ನೂ ಕೂಡಿಸದೆ, ಅದರಿಂದ ಏನನ್ನೂ ಕಳೆಯದೆ ಅಖಂಡತರಂಗವನ್ನು ಕೊಡುವುದೇ ಉತ್ತಮ ಯಂತ್ರದ ಲಕ್ಷಣವು.

ಪರೀಕ್ಷೆಯು ಎರಡು ಬಗೆ: ಮಾಪನ ಮತ್ತು ಶ್ರವಣ. ಮಾಪನದಲ್ಲಿ, 20ರಿಂದ 20,000 ಕಂಪನಗಳವರೆಗಿನ ಸ್ವರಗಳೆಲ್ಲ ಏರುಪೇರಿಲ್ಲದೆ ಹೊರಡುವುವೇ, ಯಂತ್ರದ ಗದ್ದಲವೂ ವಿಕೃತಿಯೂ ಎಷ್ಟು ಕೆಳಗಿರುವುವು ಎಂಬುದನ್ನು ನೋಡಬೇಕು. 16 ಬಿಟ್ಟುಗಳ ವ್ಯಾಪ್ತಿಯು ಸುಮಾರು 96 ಡೆಸಿಬೆಲ್. ಈ ದೋಷಗಳು ಅದಕ್ಕಿಂತಲೂ ಕೆಳಗಿದ್ದರೆ ಕಾಂಪ್ಯಾಕ್ಟ್ ಡಿಸ್ಕಿನ ಮಟ್ಟಿಗೆ ಯಂತ್ರವು ನಿರ್ದುಷ್ಟವೆನ್ನಬಹುದು.

ಇನ್ನು ಶ್ರವಣ. ಪ್ರತ್ಯಕ್ಷವು ದೋಷರಹಿತವಾದಾಗಲೇ ಪ್ರಮಾಣವಾಗುವುದು. ಇಲ್ಲಿನ ದೋಷಗಳು ಎರಡು. ಹೋಲಿಸುವ ಎರಡು ಯಂತ್ರಗಳಲ್ಲಿ ಒಂದರ ನಾದವು ತುಸು ಜೋರಾಗಿದ್ದರೆ ಕಿವಿಯು ಅದನ್ನೇ ಉತ್ತಮವೆಂದು ಭ್ರಮಿಸುವುದು. ಯಂತ್ರದ ಹೆಸರೂ ಬೆಲೆಯೂ ತಿಳಿದಿದ್ದರೆ ಮನಸ್ಸು ಮೊದಲೇ ತೀರ್ಪು ಕೊಟ್ಟಿರುವುದು. ಆದುದರಿಂದ ವೋಲ್ಟ್‌ಮೀಟರಿನಿಂದ ಅಳೆದು ಎರಡನ್ನೂ 0.1 ಡೆಸಿಬೆಲ್ಲಿನೊಳಗೆ ಸಮಮಾಡಿ, ಯಾವುದು ನುಡಿಯುತ್ತಿದೆಯೆಂಬುದನ್ನು ಮರೆಮಾಡಿ ಕೇಳಿಸಬೇಕು. 16 ಸಲದಲ್ಲಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ಭೇದವುಂಟೆಂದು ಒಪ್ಪಬಹುದು. ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವವು ನೂರಕ್ಕೆ ನಾಲ್ಕಕ್ಕಿಂತ ಕಡಮೆ.

ಇದಕ್ಕೆ ದೃಷ್ಟಾಂತವುಂಟು. 2007ರಲ್ಲಿ ಮೇಯರ್ ಮತ್ತು ಮೋರಾನ್ ಎಂಬವರು ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಹೆಚ್ಚು ಸೂಕ್ಷ್ಮವಾದ ಮುದ್ರಿಕೆಗಳ ನಾದವನ್ನು ಒಮ್ಮೆ ನೇರವಾಗಿಯೂ, ಒಮ್ಮೆ 16 ಬಿಟ್ಟುಗಳ ಪರಿವರ್ತನೆಯ ಮೂಲಕ ಹಾಯಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರಗಳು 276; ನಾಣ್ಯವನ್ನು ಚಿಮ್ಮಿದರೂ ಇಷ್ಟೇ ಬರುವುದು. ನಾದವನ್ನು ವಾಡಿಕೆಗೆ ಮೀರಿ ಹೆಚ್ಚಿಸಿದಾಗ ಮಾತ್ರ ಪರಿವರ್ತನೆಯ ಗದ್ದಲವು ಕೇಳಬಂದಿತು. 2016ರಲ್ಲಿ ರೈಸ್ ಎಂಬ ವಿದ್ವಾಂಸನು ಇಂತಹ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಸರಿಯುತ್ತರಗಳು ನೂರಕ್ಕೆ 52.3ರಷ್ಟೆಂದೂ, ತರಬೇತಿ ಪಡೆದವರಲ್ಲಿ ಅದಕ್ಕಿಂತ ಅಧಿಕವೆಂದೂ ಕಂಡನು. ಭೇದವಿದ್ದರೂ ಅದು ಅತ್ಯಲ್ಪವೆಂದಾಯಿತು. ಸ್ಪೀಕರನ್ನು ಬದಲಾಯಿಸಿದರೆ, ಅಥವಾ ಅದನ್ನು ಕೋಣೆಯಲ್ಲಿ ಬೇರೆಡೆಗೆ ಸರಿಸಿದರೆ ಆಗುವ ವ್ಯತ್ಯಾಸವಾದರೋ ಸಾಮಾನ್ಯರಿಗೂ ತಿಳಿಯುವುದು.

ಕೇಳಿದವನ ಮಾತು ಓದುವವನಿಗೆ ಶಬ್ದಪ್ರಮಾಣವಾಗಿ ತಲಪುವುದು. ಆಪ್ತನ ವಾಕ್ಯಕ್ಕೆ ಮಾತ್ರ ಆ ಯೋಗ್ಯತೆಯುಂಟು. ಪರೀಕ್ಷಿಸದೆ ಹೊಗಳುವವನು ತನ್ನ ಆನಂದವನ್ನು ಯಂತ್ರದ ಗುಣವೆಂದು ಸಾರಿ ಇತರರ ಹಣವನ್ನು ವ್ಯರ್ಥಗೊಳಿಸುವನು. ಲಕ್ಷಣಕ್ಕೆ ಹೊಂದುವ ಯಂತ್ರವು ಅಲ್ಪಬೆಲೆಗೆ ದೊರೆತಾಗ ಅಷ್ಟರಲ್ಲಿ ತೃಪ್ತನಾಗಿ, ಉಳಿದ ಧನವನ್ನು ಸ್ಪೀಕರಿಗೂ ಒಳ್ಳೆಯ ಮುದ್ರಿಕೆಗಳಿಗೂ ವಿನಿಯೋಗಿಸುವುದು ಯುಕ್ತವೆಂಬುದೇ ಈ ವಿಚಾರದ ನಿಷ್ಕರ್ಷೆ.