ಆರು ಕೋಣೆ, ಐದು ಗುಂಡು

ರಿಪೇರಿಗೆ ಬಿಟ್ಟ ಸ್ಕೂಟರ್ ತರಲು ಸಂಜೆ ಹೋದರೆ ಮೆಕ್ಯಾನಿಕ್ ಮೊದಲು ತೋರಿಸುವುದು ಸ್ಕೂಟರನ್ನಲ್ಲ, ಎಣ್ಣೆ ಮೆತ್ತಿದ ಹಳೇ ಕ್ಲಚ್ ಪ್ಲೇಟನ್ನು. ‘ನೋಡಿ ಸಾರ್, ಹೆಂಗೆ ಸವೆದುಹೋಗಿದೆ’ ಅನ್ನುತ್ತಾ ನಮ್ಮ ಕೈಗೇ ಕೊಡುತ್ತಾನೆ. ಬಿಲ್ಲಿಗೆ ಅದೇ ಸಾಕ್ಷಿ. ಅಮೆರಿಕದ ರೂಗರ್ ಕಂಪನಿ ತನ್ನ ಹಳೆಯ ರಿವಾಲ್ವರ್‌ಗಳ ವಿಷಯದಲ್ಲಿ ದಶಕಗಳಿಂದ ಇದನ್ನೇ ಮಾಡುತ್ತಿದೆ. 1953ರಿಂದ 1972ರವರೆಗೆ ತಯಾರಾದ ಅದರ ಸಿಂಗಲ್ ಆಕ್ಷನ್ ರಿವಾಲ್ವರ್ ಯಾರ ಬಳಿಯಾದರೂ ಇದ್ದರೆ, ಕಾರ್ಖಾನೆಗೆ ಕಳಿಸಿದರೆ ಸಾಕು. ಒಳಗಿನ ಕೆಲವು ಭಾಗಗಳನ್ನು ತೆಗೆದು ಹೊಸದನ್ನು ಕೂಡಿಸಿ ವಾಪಸ್ ಕಳಿಸುತ್ತಾರೆ. ಜೊತೆಗೆ ಹಳೇ ಭಾಗಗಳೂ ಬರುತ್ತವೆ. ಇದಕ್ಕೆ ಒಂದು ಕಾಸೂ ಕೊಡಬೇಕಿಲ್ಲ. ಬಿಲ್ಲೇ ಇಲ್ಲದ ಮೇಲೆ ಸಾಕ್ಷಿ ಯಾಕೆ ಅಂತೀರಾ? ಅಲ್ಲಿಗೆ ಆಮೇಲೆ ಬರೋಣ.

ಮೊದಲು ಆ ಭಾಗಗಳನ್ನು ಯಾಕೆ ಬದಲಿಸಬೇಕಾಯಿತು ಎಂಬುದು. ನಮ್ಮ ಮಲೆನಾಡಿನ ಕೋವಿಯವರು ‘ಕುದುರೆ’ ಎನ್ನುವ ಭಾಗವೊಂದಿದೆಯಲ್ಲ, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸುವುದು, ಟ್ರಿಗರ್ ಒತ್ತಿದರೆ ಮುಂದಕ್ಕೆ ಬಡಿಯುವುದು, ಕಥೆಯೆಲ್ಲ ಅದರದ್ದೇ. 1873ರ ಪ್ರಸಿದ್ಧ ಕೋಲ್ಟ್ ರಿವಾಲ್ವರಿನಲ್ಲಿ ಕುದುರೆಯ ಮೂಗಿನಲ್ಲೇ ಮೊನೆಯಿತ್ತು. ಕುದುರೆಯನ್ನು ಪೂರ್ತಿ ಇಳಿಸಿಟ್ಟರೆ ಆ ಮೊನೆ ನೇರವಾಗಿ ತೋಟಾದ ಬೆನ್ನಿಗೆ ಒರಗಿರುತ್ತಿತ್ತು. ಸುರಕ್ಷೆಗೆಂದು ಕುದುರೆಯನ್ನು ತುಸು ಹಿಂದಕ್ಕೆ ತಡೆದು ನಿಲ್ಲಿಸಲು ಒಂದು ಕಚ್ಚು ಇತ್ತು ನಿಜ, ಆದರೆ ಅದರ ತುಟಿ ತೀರ ತೆಳು. ರೂಗರ್‌ನ ಹಳೆಯ ಮಾದರಿಗಳಲ್ಲಿ ಮೊನೆ ಕುದುರೆಯಿಂದ ಬೇರೆಯಾಗಿ ಚೌಕಟ್ಟಿನೊಳಗೆ ಕೂತಿತ್ತು. ಆದರೂ ಇಳಿಸಿಟ್ಟ ಕುದುರೆ ಒರಗುತ್ತಿದ್ದುದು ಆ ಮೊನೆಗೇ.

ಒಂದು ಲೆಕ್ಕ ನೋಡಿ. ಸುಮಾರು ಒಂದು ಕಿಲೋ ತೂಗುವ ರಿವಾಲ್ವರ್ ಸೊಂಟದ ಎತ್ತರದಿಂದ, ಅಂದರೆ ಒಂದು ಮೀಟರಿನಿಂದ ಕೆಳಗೆ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದರಲ್ಲಿ ಹತ್ತು ಜೂಲ್‌ನಷ್ಟು ಶಕ್ತಿ ಕೂಡಿರುತ್ತದೆ. ತೋಟಾದ ತಳದಲ್ಲಿರುವ ಸಿಡಿಮದ್ದಿನ ಬಟ್ಟಲು ಸಿಡಿಯಲು ಅದರಲ್ಲೊಂದು ಸಣ್ಣ ಪಾಲು ಸಾಕು. ಬಿದ್ದದ್ದು ಕುದುರೆಯ ಬೆನ್ನ ಮೇಲಾದರೆ ಟ್ರಿಗರಿನ ಹಂಗೇ ಬೇಕಿಲ್ಲ. ಬಲ್ಲವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳ: ಆರು ಕೋಣೆಗಳಿದ್ದರೂ ಐದೇ ಗುಂಡು ತುಂಬುವುದು, ಕುದುರೆಯನ್ನು ಖಾಲಿ ಕೋಣೆಯ ಮೇಲೆ ಇಳಿಸುವುದು. ಆರಕ್ಕೆ ದುಡ್ಡು ಕೊಟ್ಟು ಐದನ್ನು ಬಳಸುವ ಈ ಏರ್ಪಾಡು ನೂರು ವರ್ಷ ನಡೆಯಿತು.

1973ರಲ್ಲಿ ರೂಗರ್ ತಂದ ಹೊಸ ಮಾದರಿಯಲ್ಲಿ ಕುದುರೆ ಎಷ್ಟೇ ಬಡಿದರೂ ಮೊನೆಯನ್ನು ಮುಟ್ಟುವುದಿಲ್ಲ. ನಡುವೆ ಬೇಕೆಂದೇ ಒಂದು ಸಂದು ಬಿಟ್ಟಿದ್ದಾರೆ. ಟ್ರಿಗರ್ ಹಿಂದಕ್ಕೆ ಎಳೆದಿದ್ದಾಗ ಮಾತ್ರ ಉಕ್ಕಿನ ಚಿಕ್ಕ ಪಟ್ಟಿಯೊಂದು ಮೇಲೆದ್ದು ಆ ಸಂದನ್ನು ತುಂಬುತ್ತದೆ. ಕುದುರೆ ಪಟ್ಟಿಗೆ ಬಡಿಯುತ್ತದೆ, ಪಟ್ಟಿ ಮೊನೆಗೆ ಬಡಿಯುತ್ತದೆ. ಬೆರಳು ಬಿಟ್ಟರೆ ಪಟ್ಟಿ ಕೆಳಗಿಳಿಯುತ್ತದೆ. ಊಟದ ಮನೆಯಲ್ಲಿ ಬಡಿಸುವವನು ಬಂದರಷ್ಟೇ ಎಲೆಗೆ ಅನ್ನ ಬೀಳುವಂತೆ, ಮಧ್ಯಸ್ಥನಿಲ್ಲದೆ ಏಟು ದಾಟುವುದಿಲ್ಲ. ಉಪಾಯ ಹೊಸದೇನಲ್ಲ. ಐವರ್ ಜಾನ್ಸನ್ ಎಂಬ ಅಮೆರಿಕನ್ ಕಂಪನಿ ಇದನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಅಳವಡಿಸಿ, ತನ್ನ ರಿವಾಲ್ವರಿನ ಕುದುರೆಗೆ ಸುತ್ತಿಗೆಯಲ್ಲಿ ಬಡಿದರೂ ಗುಂಡು ಹಾರದು ಎಂದು ಜಾಹೀರಾತು ಕೊಡುತ್ತಿತ್ತು. ಈಗಾಗಲೇ ಜನರ ಕೈಸೇರಿದ್ದ ಹಳೆಯವುಗಳಿಗೂ ಇಂಥ ಪಟ್ಟಿ ಕೂಡಿಸಿಕೊಡುವ ಕೆಲಸವನ್ನು ರೂಗರ್ 1982ರಲ್ಲಿ ಶುರುಮಾಡಿತು.

ಇದಕ್ಕಿಂತ ಹಿಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಪಾಠ ಇನ್ನೂ ಕಟುವಾಗಿತ್ತು. ಸ್ಮಿತ್ ಅಂಡ್ ವೆಸನ್ ಕಂಪನಿಯ ‘ವಿಕ್ಟರಿ’ ರಿವಾಲ್ವರಿನಲ್ಲಿ ಕುದುರೆಗೆ ಅಡ್ಡನಿಲ್ಲುವ ತಡೆಯೊಂದು ಆಗಲೇ ಇತ್ತು. ಆದರೆ ಅದು ತನ್ನ ಜಾಗಕ್ಕೆ ಮರಳಬೇಕಾದರೆ ಒಂದು ತೆಳು ಸ್ಪ್ರಿಂಗಿನ ದಯೆ ಬೇಕಿತ್ತು. 1944ರ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆಯೊಂದರ ಮೇಲೆ ರಿವಾಲ್ವರ್ ಕೈಜಾರಿ ಬಿದ್ದು ಹಾರಿದ ಗುಂಡಿಗೆ ನಾವಿಕನೊಬ್ಬ ಸತ್ತ. ಕಂಪನಿಯ ಎಂಜಿನಿಯರುಗಳು ಬೇಗನೆ ಹೊಸ ತಡೆ ರೂಪಿಸಿದರು. ಅದನ್ನು ಒಳಗಿನ ಇನ್ನೊಂದು ಚಲಿಸುವ ಭಾಗವೇ ಒತ್ತಾಯದಿಂದ ಮೇಲೆ ಕೆಳಗೆ ತಳ್ಳುತ್ತದೆ, ಸ್ಪ್ರಿಂಗಿನ ಮರ್ಜಿ ಕಾಯುವುದಿಲ್ಲ. ಸೇನೆಯ ಬಳಿಯಿದ್ದ ಹಳೆಯ ರಿವಾಲ್ವರ್‌ಗಳನ್ನೂ ಬಿಚ್ಚಿ ಹೊಸ ತಡೆ ಹಾಕಿ, ಹಾಕಿದ್ದಕ್ಕೆ ಗುರುತಾಗಿ ಇಂಗ್ಲಿಷಿನ ‘ಎಸ್’ ಅಕ್ಷರ ಒತ್ತಿದರು. ಇಂದಿಗೂ ಹಳೆಯ ವಿಕ್ಟರಿ ಕೈಗೆ ಬಂದರೆ ತಿಳಿದವರು ಮೊದಲು ಹುಡುಕುವುದು ಆ ಒಂದಕ್ಷರವನ್ನು.

ಇಷ್ಟು ಚಿಕ್ಕ ಭಾಗಗಳನ್ನು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸಿದರೆ ಆಗದೇ, ರಿವಾಲ್ವರನ್ನೇ ಕಾರ್ಖಾನೆಗೆ ಯಾಕೆ ತರಿಸಿಕೊಳ್ಳಬೇಕು? ನನಗೆ ಕುತೂಹಲ ಹುಟ್ಟಿಸಿದ್ದು ಈ ಪ್ರಶ್ನೆಯೇ. ಮಿಕ್ಸಿಯ ಜಾರ್ ಬದಲಿಸಿದ ಹಾಗೆ ಹಳೇ ರಿವಾಲ್ವರಿನ ಒಳಭಾಗ ಬದಲಿಸಲು ಬರುವುದಿಲ್ಲ. ಯಾಕೆಂದು ತಿಳಿಯಲು ಹಳೆಯ ಕೋಲ್ಟ್ ಡಬಲ್ ಆಕ್ಷನ್ ರಿವಾಲ್ವರಿನ, ಅಂದರೆ ಟ್ರಿಗರ್ ಎಳೆತಕ್ಕೇ ಕುದುರೆಯೂ ಹಿಂದೆ ಸರಿಯುವ ಬಗೆಯದರ, ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಟ್ರಿಗರ್ ಎಳೆಯುತ್ತಾ ಹೋದಂತೆ ಬೆರಳಿನಂಥ ಒಂದು ತುಂಡು ಮೇಲೆದ್ದು ಸಿಲಿಂಡರಿನ ಹಿಂಭಾಗದ ಹಲ್ಲುಗಳಲ್ಲಿ ಒಂದನ್ನು ತಳ್ಳುತ್ತದೆ. ಇಂಗ್ಲಿಷ್ ಕಸುಬುದಾರರು ಇದನ್ನು ‘ಕೈ’ ಎಂದೇ ಕರೆಯುತ್ತಾರೆ. ಆರು ಕೋಣೆಯ ಸಿಲಿಂಡರ್ ಪ್ರತಿ ಸಲ 60 ಡಿಗ್ರಿ ತಿರುಗಬೇಕು. ತಿರುಗಿ ಮುಗಿದ ಕ್ಷಣಕ್ಕೆ ಕೆಳಗಿನಿಂದ ಒಂದು ತಡೆಗೂಟ ಎದ್ದು ಸಿಲಿಂಡರಿನ ಮೈಮೇಲಿನ ಗುಳಿಗೆ ಬಿದ್ದು ಬೀಗ ಹಾಕಬೇಕು. ಕುದುರೆ ಬಡಿಯುವುದು ಅದಾದ ಮೇಲೆ. ಈಗ ಆ ‘ಕೈ’ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದಿದೆ ಎಂದಿಟ್ಟುಕೊಳ್ಳಿ. ಅದು ತಳ್ಳುವ ಜಾಗ ಸಿಲಿಂಡರಿನ ನಡುವಿನಿಂದ 4 ಮಿ.ಮೀ. ದೂರ, ಗುಂಡಿನ ಕೋಣೆ 12 ಮಿ.ಮೀ. ದೂರ ಎಂದೂ ಇಟ್ಟುಕೊಳ್ಳಿ. ಗಿರಗಟ್ಟೆಯ ಅಂಚು ನಡುವಿಗಿಂತ ಹೆಚ್ಚು ದಾರಿ ಓಡುವಂತೆ, 0.1 ಮಿ.ಮೀ. ಕೊರತೆ ಕೋಣೆಯ ಬಳಿ ಮೂರು ಪಟ್ಟಾಗುತ್ತದೆ. 0.3 ಮಿ.ಮೀ. ಅಂದರೆ ನಾಲ್ಕೈದು ಕೂದಲೆಳೆ ದಪ್ಪ. ಅಷ್ಟಕ್ಕೇ ತಡೆಗೂಟ ಗುಳಿಯ ಅಂಚಿನಲ್ಲಿ ನಿಂತುಬಿಡುತ್ತದೆ, ಬೀಗ ಬೀಳುವುದಿಲ್ಲ. ಗುಂಡು ನಳಿಗೆಯ ಬಾಯಿಗೆ ನೇರವಾಗಿ ಹೋಗದೆ ದಂಡೆ ಕೆರೆದುಕೊಂಡು ಹೋಗುತ್ತದೆ, ಕೆರೆದ ಸೀಸದ ಚೂರು ಪಕ್ಕದ ಸಂದಿನಿಂದ ಸಿಡಿಯುತ್ತದೆ.

ಹೊಸ ‘ಕೈ’ ತಂದು ಹಾಕಿದರಾಯಿತಲ್ಲ? ಅಲ್ಲೇ ತೊಡಕು. ಹಳೇ ಕೋಲ್ಟಿನಲ್ಲಿ ಆರು ಹಲ್ಲುಗಳೂ ತದ್ರೂಪವಲ್ಲ. ಐವತ್ತು ವರ್ಷದ ಹಿಂದೆ ಯಾರೋ ಕಸುಬುದಾರ ಅರ ಹಿಡಿದು, ಒಂದೊಂದು ಹಲ್ಲಿಗೂ ಆ ‘ಕೈ’ಯನ್ನೇ ತಾಗಿಸಿ ನೋಡಿ ಹೊಂದಿಸಿದ್ದ. ಆಮೇಲೆ ಹಲ್ಲೂ ‘ಕೈ’ಯೂ ಒಂದನ್ನೊಂದು ಉಜ್ಜಿಕೊಂಡೇ ಸವೆದವು. ಹಳೇ ದಂಪತಿಗಳ ಹಾಗೆ, ಒಬ್ಬರ ಕೊರತೆಗೆ ಇನ್ನೊಬ್ಬರ ಅಭ್ಯಾಸ ಸರಿಹೊಂದಿರುತ್ತದೆ. ಹೊಸದನ್ನು ತಂದಿಟ್ಟರೆ ಅದು ನಕ್ಷೆಗೆ ಸರಿಯಾಗಿರುತ್ತದೆ, ಈ ಹಲ್ಲುಗಳಿಗಲ್ಲ. ಅದಕ್ಕೇ ಬದಲಿ ಭಾಗವನ್ನು ಬೇಕೆಂದೇ ತುಸು ದೊಡ್ಡದಾಗಿ ಮಾಡುತ್ತಿದ್ದರು. ಕಸುಬುದಾರ ಒಂದು ಸಲ ಅರ ತಾಗಿಸುವುದು, ಕೂಡಿಸಿ ಆರೂ ಕೋಣೆ ತಿರುಗಿಸಿ ನೋಡುವುದು, ಮತ್ತೆ ಬಿಚ್ಚುವುದು. ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ಇದು ಅವಸರದವರ ಕೆಲಸವಲ್ಲ. ಬದಲಿ ಸಿಗದಿದ್ದಾಗ ಹಳೇ ‘ಕೈ’ಯನ್ನೇ ಮೆಲ್ಲಗೆ ಬಡಿದು ಕೂದಲಷ್ಟು ಉದ್ದ ಮಾಡುವವರೂ ಇದ್ದರು. ನಮ್ಮಲ್ಲಂತೂ 1959ರ ಆಯುಧ ಕಾಯ್ದೆಯಂತೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾದಂತೆ, ಅದನ್ನು ರಿಪೇರಿ ಮಾಡುವ ಕಸುಬಿಗೂ ಲೈಸೆನ್ಸ್ ಬೇಕು.

ತಮಾಷೆಯೆಂದರೆ, ‘ಯಾವುದರ ಭಾಗವಾದರೂ ಯಾವುದಕ್ಕಾದರೂ ಕೂರಬೇಕು’ ಎಂಬ ಕಲ್ಪನೆ ಮೊದಲು ಬಲವಾಗಿ ಬೇರೂರಿದ್ದು ಬಂದೂಕಿನಲ್ಲೇ. 1785ರಲ್ಲಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್ಸನ್, ಒನೊರೆ ಬ್ಲಾಂಕ್ ಎಂಬ ಕಸುಬುದಾರನ ಕಾರ್ಯಾಗಾರಕ್ಕೆ ಹೋಗಿದ್ದರು. ಐವತ್ತು ಬಂದೂಕುಗಳ ಕುದುರೆ-ಟ್ರಿಗರ್ ಯಂತ್ರಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಬೇರೆ ಬೇರೆ ಗೂಡುಗಳಲ್ಲಿ ಇಟ್ಟಿದ್ದ ಬ್ಲಾಂಕ್. ಜೆಫರ್ಸನ್ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ತಾವೇ ಕೆಲವನ್ನು ಜೋಡಿಸಿದರು, ಎಲ್ಲವೂ ಕೂತವು. ಅದರ ಬೆರಗು ಅವರು ಅಮೆರಿಕಕ್ಕೆ ಬರೆದ ಪತ್ರದಲ್ಲಿ ಕಾಣುತ್ತದೆ. ಮುಂದೆ 1801ರಲ್ಲಿ ಈಲೈ ವಿಟ್ನಿ ವಾಷಿಂಗ್ಟನ್ನಿನಲ್ಲಿ ಇಂಥದ್ದೇ ಪ್ರದರ್ಶನ ಮಾಡಿ ಶಾಲಾ ಪುಸ್ತಕಗಳಲ್ಲಿ ಹೆಸರು ಪಡೆದ. ಅವನು ಸರ್ಕಾರಕ್ಕೆ ಕೊಟ್ಟ ಕೋವಿಗಳನ್ನು ಇಪ್ಪತ್ತನೇ ಶತಮಾನದ ವಿದ್ವಾಂಸರು ಬಿಚ್ಚಿ ಅದಲುಬದಲು ಮಾಡಿ ನೋಡಿದರೆ ಭಾಗಗಳು ಕೂರಲಿಲ್ಲ! ಪಿಸ್ತೂಲಿನ ಮಟ್ಟಿಗೆ ಅಮೆರಿಕ ಸರ್ಕಾರ ಈ ಷರತ್ತನ್ನು ಕರಾರಿನಲ್ಲೇ ಬರೆಸಿಕೊಂಡದ್ದು 1813ರಲ್ಲಿ. ಸಿಮಿಯನ್ ನಾರ್ತ್ ಎಂಬ ತಯಾರಕ 20,000 ಪಿಸ್ತೂಲು ಮಾಡಿಕೊಡಬೇಕು, ಒಂದರ ಭಾಗ ಇನ್ಯಾವುದಕ್ಕಾದರೂ ಕೂರಬೇಕು ಎಂದು.

ಯಂತ್ರಗಳಿಗೆ ಹೆಸರಾದ ಸ್ಯಾಮ್ಯುಯೆಲ್ ಕೋಲ್ಟ್‌ನ ಕಾರ್ಖಾನೆಯಲ್ಲಿ ಕೂಡ ಕೊನೆಯ ಮಾತು ಅರದ್ದೇ ಆಗಿತ್ತು. ಅದಕ್ಕೆ ಕಾರಣ ಉಕ್ಕಿನ ಹದ. ಒಳಭಾಗಗಳನ್ನು ಮೆತ್ತಗಿರುವಾಗಲೇ ಅರ ಹಾಕಿ ಹೊಂದಿಸಿ, ಬೆರೆಯದಿರಲೆಂದು ಅಂಕಿ ಒತ್ತಿ, ಆಮೇಲೆ ಕುಲುಮೆಗೆ ಹಾಕಿ ಗಟ್ಟಿ ಮಾಡುತ್ತಿದ್ದರು. ಕಾಯಿಸಿ ತಣಿಸಿದಾಗ ಲೋಹ ಕೂದಲಷ್ಟು ಸೊಟ್ಟಗಾಗುತ್ತದೆ, ಯಾವ ಭಾಗ ಎಷ್ಟು ಸೊಟ್ಟಗಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಹಳೇ ಕೋಲ್ಟ್ ಕೊಳ್ಳುವವರು ಭಾಗಭಾಗದ ಮೇಲೂ ಒಂದೇ ಅಂಕಿ ಇದೆಯೇ ಎಂದು ನೋಡುವುದು ಬರೀ ಶೋಕಿಯಲ್ಲ, ಇವೆಲ್ಲ ಒಟ್ಟಿಗೆ ಹುಟ್ಟಿದವು ಎಂಬುದಕ್ಕೆ ಆ ಅಂಕಿಯೇ ಜಾತಕ.

ಅಂದಿನ ಎಷ್ಟೋ ಭಾಗಗಳ ಗಟ್ಟಿತನ ಮೇಲಿನ ತೊಗಲಿನಲ್ಲಷ್ಟೇ. ಕಡಿಮೆ ಇಂಗಾಲದ ಕಬ್ಬಿಣವನ್ನು ಮೂಳೆಯ ಇದ್ದಿಲು, ಚರ್ಮದ ಚೂರುಗಳ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿ ಗಂಟೆಗಟ್ಟಲೆ ಕೆಂಪಗೆ ಕಾಯಿಸಿದರೆ ಇಂಗಾಲ ಮೇಲ್ಮೈಯೊಳಕ್ಕೆ ಇಂಗುತ್ತದೆ. ನೀರಿಗೆ ಹಾಕಿದರೆ ಹೊರಗಿನ ಒಂದು ತೆಳು ಪದರ ಗಾಜಿನಷ್ಟು ಗಟ್ಟಿ, ಒಳಗೆ ಮೆತ್ತಗೆ. ಕಬ್ಬಿಣಕ್ಕೆ ಇಂಗಾಲ ತಿನ್ನಿಸುವ ವಿದ್ಯೆ ನಮಗೆ ಹೊಸದಲ್ಲ. ಯುರೋಪಿನವರು ‘ವೂಟ್ಸ್’ ಎಂದು ಬೆರಗಿನಿಂದ ಬರೆದುಕೊಂಡದ್ದು ನಮ್ಮ ‘ಉಕ್ಕು’ ಎಂಬ ಮಾತನ್ನೇ ಎಂದು ಬಲ್ಲವರು ಹೇಳುತ್ತಾರೆ. ಆದರೆ ಹಳೇ ರಿವಾಲ್ವರ್ ಬಿಚ್ಚಿ ಟ್ರಿಗರ್ ನಯವಾಗಲೆಂದು ಉಜ್ಜಿದವನಿಗೆ ಈ ಪದರದ ಅರಿವಿರದಿದ್ದರೆ ಕಷ್ಟ. ಉಜ್ಜಿದ ದಿನ ಬೆಣ್ಣೆಯಂತೆ ಓಡುತ್ತದೆ. ಗಟ್ಟಿ ತೊಗಲು ಹೋಗಿರುವುದರಿಂದ ಒಳಗಿನ ಮೆತ್ತನೆಯ ಕಬ್ಬಿಣ ಬೇಗ ಸವೆದು, ಕುದುರೆಯನ್ನು ಹಿಡಿದಿಡಬೇಕಾದ ಕಚ್ಚು ಒಂದು ದಿನ ತಾನಾಗಿ ಜಾರುತ್ತದೆ. ಹಳೇ ಬಂದೂಕಿನ ಒಳಗೆ ಕೈಹಾಕುವುದರಲ್ಲಿ ನನಗೆ ನಿಜವಾಗಿ ಭಯದ್ದೆಂದು ಕಾಣುವುದು ಇದೊಂದೇ. ಒಡೆದ ಭಾಗ ಕೆಲಸ ನಿಲ್ಲಿಸಿ ಎಚ್ಚರಿಸುತ್ತದೆ, ಇದು ಎಲ್ಲ ಸರಿಯಿದೆ ಎಂದು ನಂಬಿಸುತ್ತದೆ.

ಅರ ಹಾಕಿ ಒಂದೊಂದನ್ನೂ ಹೊಂದಿಸುವ ಪದ್ಧತಿಗೆ ವಿರುದ್ಧ ದಿಕ್ಕಿನ ಉದಾಹರಣೆ ಜಾನ್ ಬ್ರೌನಿಂಗ್ ರೂಪಿಸಿದ 1911ರ ಅಮೆರಿಕನ್ ಸೇನಾ ಪಿಸ್ತೂಲು. ಎರಡನೇ ಮಹಾಯುದ್ಧದಲ್ಲಿ ಅದನ್ನು ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್ ಮಾಡಿತು, ರೈಲ್ವೆ ಸಿಗ್ನಲ್ ಮಾಡುವ ಕಂಪನಿ ಮಾಡಿತು, ನಮ್ಮ ಮನೆಗಳ ಮೂಲೆಯಲ್ಲಿ ಕೂತಿದ್ದ ಹೊಲಿಗೆ ಯಂತ್ರದ ಸಿಂಗರ್ ಕೂಡ 500 ಮಾಡಿಕೊಟ್ಟಿತು. ಯಾರೇ ಮಾಡಲಿ, ಭಾಗಗಳು ಅದಲುಬದಲಾಗಬೇಕು. ಅದಕ್ಕಾಗಿ ಭಾಗಗಳ ನಡುವೆ ಧಾರಾಳ ಸಂದು ಬಿಟ್ಟಿದ್ದರು, ಹಳೇ ಸೇನಾ ಪಿಸ್ತೂಲು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಯುದ್ಧಾನಂತರ ಸೇನೆಯ ಡಿಪೋಗಳಲ್ಲಿ ರಾಶಿ ಬಿಚ್ಚಿ ರಾಶಿ ಜೋಡಿಸಿದ್ದರಿಂದ ಒಂದರ ಮೈ, ಇನ್ನೊಂದರ ನಳಿಗೆಯ ಪಿಸ್ತೂಲುಗಳು ಎಷ್ಟೋ. ಅವಕ್ಕೆ ಅಂಕಿಯ ಜಾತಕವಿಲ್ಲ. ಸಂದು ಕೊಟ್ಟರೆ ಭಾಗ ಯಾವುದಾದರೂ ಕೂರುತ್ತದೆ, ಸಂದು ಬಿಗಿ ಮಾಡಿದರೆ ಅರ ಬೇಕೇ ಬೇಕು. ಕೋಲ್ಟ್ ಕಂಪನಿ ತನ್ನ ಹೆಸರಾಂತ ‘ಪೈಥಾನ್’ ರಿವಾಲ್ವರನ್ನು 2020ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಾಗ ಹೊರರೂಪ ಹಳೆಯದನ್ನೇ ಉಳಿಸಿಕೊಂಡು ಒಳಗಿನ ಯಂತ್ರವನ್ನು ಹೊಸದಾಗಿ, ಕಡಿಮೆ ಭಾಗಗಳಲ್ಲಿ ರೂಪಿಸಿತು. 1955ರ ಹಾಗೆ ಒಂದೊಂದನ್ನೂ ಅರದಿಂದ ಹೊಂದಿಸುವ ಕಸುಬಿಗೆ ಇಂದಿನ ಕೂಲಿ ಕೊಟ್ಟು ಪೂರೈಸುವುದು ಕಷ್ಟ.

ಇನ್ನು ರೂಗರ್ ಕಳಿಸುವ ಹಳೇ ಭಾಗಗಳ ಮಾತು. ಹೊಸ ಭಾಗ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಟ್ರಿಗರ್ ಎಳೆತದ ಹಿತ ಹೋಯಿತೆಂಬ ಗೊಣಗಾಟ. ಹಳೇ ಸರಕಿನ ಸಂಗ್ರಹಕಾರರಿಗೋ ಕಾರ್ಖಾನೆಯ ಕೈ ಮತ್ತೆ ಬೀಳದ ರಿವಾಲ್ವರ್ ಎಂದರೆ ಬೆಲೆ ಹೆಚ್ಚು. ಹೀಗಾಗಿ ಸುರಕ್ಷಿತವಾದದ್ದು ಅಗ್ಗ, ಕೆಳಗೆ ಬಿದ್ದರೆ ಹಾರಬಹುದಾದದ್ದು ದುಬಾರಿ. ಬದಲಿಸಿದ ರಿವಾಲ್ವರ್ ಮಾರಾಟಕ್ಕೆ ಬಂದಾಗ ಕೊಳ್ಳುವವನು ನಳಿಗೆಯೊಳಗೆ ಇಣುಕಿ, ಸಿಲಿಂಡರ್ ತಿರುಗಿಸಿ ನೋಡಿ, ಆಮೇಲೆ ತುಸು ಸಂಕೋಚದಿಂದಲೇ ಕೇಳುತ್ತಾನೆ: ಹಳೇ ಪಾರ್ಟುಗಳು ಇಟ್ಟಿದ್ದೀರಾ?